ಚಿತ್ರದುರ್ಗದ ಗಾಳಿಗೆ ಬಾಗಿದ ಆಂಟೆನಾ ಕಂಬ: ಪಿವಿಸಿ ತೆಗೆದು ಜಿಐ ಹಾಕಿದ್ದು

ಹ್ಯಾಮ್ ರೇಡಿಯೊದ 40 ಮೀಟರ್ ಬ್ಯಾಂಡಿನ ಇನ್ವರ್ಟೆಡ್ ವಿ (ತಲೆಕೆಳಗಾದ V ಆಕಾರದ ತಂತಿ ಆಂಟೆನಾ) ಹೊತ್ತಿದ್ದ 2 ಇಂಚಿನ ಪಿವಿಸಿ ಕಂಬ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಬಾಗಿತ್ತು. ಆಷಾಢದ ಗಾಳಿಗೆ ಜಾಯಿಂಟ್ ಹತ್ತಿರ ಲಟಕ್ ಅಂತ ಮುರಿಯಿತು. ಊರ ಪಕ್ಕದ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲವಲ್ಲ!

ಬಿದಿರು ಅಗ್ಗ, ಆದರೆ ಒಣಗಿ ಸೀಳುತ್ತದೆ. ತೆಳು ಅಲ್ಯುಮಿನಿಯಂ ಪೈಪು ಕ್ಲಾಂಪ್ ಬಿಗಿದಲ್ಲೇ ಅಪ್ಪಚ್ಚಿ.

ಕೊನೆಗೆ ಹಾಕಿದ್ದು ಒಂದೂವರೆ ಇಂಚಿನ ಬಿ ಕ್ಲಾಸ್ (ಮಧ್ಯಮ ದಪ್ಪದ) ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು. ದಪ್ಪ 3.2 ಮಿ.ಮೀ., 6 ಮೀಟರಿನ ಒಂದು ಲೆಂತ್ ಸುಮಾರು 21 ಕೆ.ಜಿ.; ಎತ್ತಲು ಮೂವರು ಬೇಕು. ಎರಡು ತುಂಡು ಸೇರಿಸಬೇಡಿ. ಥ್ರೆಡ್ ಕೊರೆದಲ್ಲಿ ಪೈಪು ತೆಳುವಾಗಿ, ಮುರಿದರೆ ಅಲ್ಲೇ ಮುರಿಯುತ್ತದೆ. ಮೇಲ್ತುದಿಗೆ ಕ್ಯಾಪ್, ಬುಡದಲ್ಲಿ ನೀರಿಳಿಯಲು 6 ಮಿ.ಮೀ. ತೂತು.

ನಿಜವಾದ ಕೆಲಸ ಗೈ ವೈರಿನದು, ಅಂದರೆ ಕಂಬವನ್ನು ಸುತ್ತಲೂ ಎಳೆದು ಹಿಡಿಯುವ ತಂತಿಯದು. ನೈಲಾನ್ ಹಗ್ಗ ನೆನೆದರೆ ಹಿಗ್ಗಿ ಸಡಿಲವಾಗುತ್ತದೆ. 4 ಮಿ.ಮೀ. ಜಿಐ ವೈರ್ ರೋಪ್ ಮೂರು, 120 ಡಿಗ್ರಿ ಅಂತರದಲ್ಲಿ, 4 ಮೀಟರ್ ಎತ್ತರಕ್ಕೆ ಕಟ್ಟಿ, ಬುಡದಿಂದ 3 ಮೀಟರ್ ದೂರಕ್ಕೆ ಎಳೆದದ್ದು. ಆಂಕರ್ ಬೋಲ್ಟು ಪ್ಯಾರಾಪೆಟ್ ಇಟ್ಟಿಗೆಗಲ್ಲ, ಕಾಂಕ್ರೀಟ್ ಬೀಮಿಗೆ. ಪ್ರತಿ ತುದಿಯಲ್ಲಿ ರೋಪು ಮಡಚಿ ಮೂರು ಕ್ಲಿಪ್: ಸ್ಯಾಡಲ್ (ಕ್ಲಿಪ್ಪಿನ ದಪ್ಪ ಅಡಿತುಂಡು) ಎಳೆತ ಹೊರುವ ರೋಪಿನ ಮೇಲೆ, ಯು ಬೋಲ್ಟು ಮಡಚಿದ ತುಂಡಿನ ಮೇಲೆ. ತಿರುವುಮುರುವಾದರೆ ಎಳೆತ ಹೊರುವ ರೋಪೇ ಜಜ್ಜಿಹೋಗುತ್ತದೆ. ಟರ್ನ್‌ಬಕಲ್ (ರೋಪು ಬಿಗಿಸುವ ತಿರುಪು) ಬಿಗಿದ ಮೇಲೆ ಅದರೊಳಗೆ ತಂತಿ ತೂರಿಸಿ ಸುತ್ತಿ, ಇಲ್ಲದಿದ್ದರೆ ಗಾಳಿಯ ಅದುರಿಗೆ ತಾನೇ ಬಿಚ್ಚಿಕೊಳ್ಳುತ್ತದೆ.

ಕಂಬ ಎತ್ತುವ ಮುಂಚೆ ಕರೆಂಟು ಲೈನು ನೋಡಿ: ಬಿದ್ದರೂ ತಾಗದಷ್ಟು ದೂರ ಇರಲೇಬೇಕು. ಅರ್ಥಿಂಗ್ ಮರೆಯಬೇಡಿ.