‘ಚೆನ್ನಾಗಿತ್ತು’ ಅಂದ ಮೇಲೆ ಏನು ಕೇಳಬೇಕು?

1936ರಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಅವರ ಮೇಜಿಗೆ ಮಕ್ಕಳ ಕತೆಯೊಂದು ಬಂತು. ಮಕ್ಕಳ ಪುಸ್ತಕ ಹೇಗಿದೆ ಅಂತ ಮಕ್ಕಳೇ ಹೇಳಬೇಕು ಅನ್ನುವುದು ಅವರ ನಂಬಿಕೆ. ಹತ್ತು ವರ್ಷದ ಮಗ ರೇನರ್‌ನ ಕೈಗೆ ಕೊಟ್ಟರು. ಹುಡುಗ ಓದಿ ಒಂದು ಪುಟ್ಟ ವರದಿ ಬರೆದುಕೊಟ್ಟ. ಅದಕ್ಕೆ ಸಿಕ್ಕ ಕೂಲಿ ಒಂದು ಶಿಲ್ಲಿಂಗ್. ವರದಿಯಲ್ಲಿ ಕಾಗುಣಿತದ ತಪ್ಪೂ ಇತ್ತು. ಪುಸ್ತಕ ಚೆನ್ನಾಗಿದೆ, ನಕ್ಷೆಗಳಿದ್ದರೆ ಚಿತ್ರ ಬೇಕಾಗಿಲ್ಲ, 5ರಿಂದ 9 ವರ್ಷದ ಮಕ್ಕಳಿಗೆಲ್ಲ ಹಿಡಿಸುತ್ತೆ ಅಂತ ಬರೆದಿದ್ದ. ತಾನು ಹತ್ತರವನು, ಹಾಗಾಗಿ ಚಿಕ್ಕವರಿಗೆ ಶಿಫಾರಸು! ಮರುವರ್ಷ ಪುಸ್ತಕ ಅಚ್ಚಾಯಿತು. ಅದು ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಹಾಬಿಟ್’.

ಆ ಅಪ್ಪ ಮಗನಿಗೆ ಕತೆಯ ನೀತಿ ಏನು ಅಂತ ಕೇಳಲಿಲ್ಲ. ಅಚ್ಚು ಹಾಕೋಣವೋ ಬೇಡವೋ ಅಂತ ತೀರ್ಮಾನ ಮಾಡಬೇಕಿತ್ತು, ಅದಕ್ಕೆ ಮಗನ ಮಾತು ಬೇಕಿತ್ತು. ನಾವು ಮಕ್ಕಳನ್ನು ಕೇಳುವಾಗ ಸಾಮಾನ್ಯವಾಗಿ ತಪ್ಪಿಹೋಗುವುದು ಇದೇ. ಪುಸ್ತಕ ಮುಚ್ಚಿದ ಕೂಡಲೇ ‘ಕತೆ ಹೇಳು ನೋಡೋಣ’, ‘ಇದರಿಂದ ಏನು ಕಲಿತೆ?’ ಅಂತ ಶುರುಮಾಡುತ್ತೇವೆ. ಕೇಳುವವರಿಗೆ ಉತ್ತರ ಮೊದಲೇ ಗೊತ್ತಿದೆ, ಇದು ಪರೀಕ್ಷೆ ಅಂತ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಅವರು ‘ಚೆನ್ನಾಗಿತ್ತು’ ಅಂದು ಆಟಕ್ಕೆ ಓಡದೆ ಇನ್ನೇನು ಮಾಡುತ್ತಾರೆ?

ಮನೆಯಲ್ಲಿ ಒಂದೇ ಮಗು ಇರಲಿ, ತರಗತಿಯಲ್ಲೋ ಲೈಬ್ರರಿಯಲ್ಲೋ ಒಂದು ಗುಂಪೇ ಇರಲಿ, ಮಕ್ಕಳ ನಿಜವಾದ ಅಭಿಪ್ರಾಯ ಹೊರಗೆ ಬರುವಂತೆ ಮಾಡುವುದು ಕಷ್ಟವಲ್ಲ. ಸ್ವಲ್ಪ ತಾಳ್ಮೆ ಬೇಕು. ನಾವು ಮಾತಾಡುವುದು ಕಡಿಮೆಯಾಗಬೇಕು.

ಮೊದಲ ಹೆಜ್ಜೆ: ಅರ್ಧಕ್ಕೆ ಬಿಡಲು ಬಿಡಿ

ಪುಸ್ತಕವನ್ನು ಮಗುವೇ ಆರಿಸಲಿ. ನೀವು ಆರಿಸಿಕೊಟ್ಟ ಪುಸ್ತಕವನ್ನು ‘ಚೆನ್ನಾಗಿಲ್ಲ’ ಅನ್ನುವುದು ಮಗುವಿಗೆ ನಿಮ್ಮನ್ನೇ ಬೇಡ ಅಂದ ಹಾಗೆ ಅನ್ನಿಸಬಹುದು. ತಾನೇ ಆರಿಸಿದ್ದಾದರೆ ಬೈಯುವುದು ಸುಲಭ.

ಓದಿ ಮುಗಿಸಲೇಬೇಕು ಅನ್ನುವ ನಿಯಮವೂ ಬೇಡ. ಫ್ರಾನ್ಸಿನ ಲೇಖಕ, ಮೇಷ್ಟ್ರೂ ಆಗಿದ್ದ ಡೇನಿಯಲ್ ಪೆನಾಕ್ 1992ರಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದರು. ಓದದೇ ಇರುವುದು, ಪುಟ ಹಾರಿಸುವುದು, ಅರ್ಧಕ್ಕೆ ಬಿಡುವುದು, ಓದಿದ್ದನ್ನೇ ಮತ್ತೆ ಓದುವುದು ಎಲ್ಲವೂ ಅದರಲ್ಲಿವೆ. ದೊಡ್ಡವರು ಈ ಹಕ್ಕುಗಳನ್ನೆಲ್ಲ ಯಾರನ್ನೂ ಕೇಳದೆ ಚಲಾಯಿಸುತ್ತೇವೆ, ಅಲ್ವಾ? ಮಕ್ಕಳಿಗೆ ಮಾತ್ರ ಕೊನೆಯ ಪುಟದವರೆಗೂ ಶಿಕ್ಷೆ.

ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆ ಕೇಳಿ ನೋಡಿ. ಮಾತು ತಾನಾಗೇ ಬರುತ್ತದೆ. ‘ಯಾವ ಪುಟದಲ್ಲಿ ಬಿಟ್ಟೆ? ಅಲ್ಲಿ ಏನಾಗ್ತಿತ್ತು?’ ಅಂದರೆ ಸಾಕು. ‘ಒಬ್ಬರಾದ ಮೇಲೆ ಒಬ್ಬರು ಹೊಸಬರು ಬರ್ತಾನೇ ಇದ್ರು, ಯಾರು ಯಾರು ಅಂತ ಗೊತ್ತಾಗ್ಲಿಲ್ಲ’ ಅಂತ ಒಂಬತ್ತು ವರ್ಷದ ಮಗು ಹೇಳಿದರೆ ಅದು ಒಳ್ಳೆಯ ವಿಮರ್ಶೆಯೇ. ಬರೆದವರಿಗೂ ಉಪಯೋಗಕ್ಕೆ ಬರುವಂಥದ್ದು.

ಎರಡನೇ ಹೆಜ್ಜೆ: ಕೇಳಿದ ಮೇಲೆ ಸುಮ್ನಿರಿ

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಗಮನಿಸಿದರು. ಪ್ರಶ್ನೆ ಕೇಳಿದ ಟೀಚರ್ ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಬರುತ್ತಿತ್ತು, ಇಲ್ಲವೇ ಬೇರೆ ಮಗುವಿನ ಕಡೆ ತಿರುಗಿಬಿಡುತ್ತಿದ್ದರು. ಕಾಯುವ ಹೊತ್ತನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. ‘ಗೊತ್ತಿಲ್ಲ’ ಅನ್ನುವುದು ಕಡಿಮೆಯಾಯಿತು. ಸುಮ್ಮನೆ ಕೂರುತ್ತಿದ್ದವರೂ ಬಾಯಿ ಬಿಟ್ಟರು.

ಅವರು ನೋಡಿದ್ದು ವಿಜ್ಞಾನದ ಪಾಠಗಳನ್ನು. ಕತೆಯ ವಿಷಯದಲ್ಲಿ ಇನ್ನೂ ಜಾಸ್ತಿ ಕಾಯಬೇಕು ಅನ್ನುವುದು ನನ್ನ ಅಭಿಪ್ರಾಯ. ಮಗು ತಲೆಯೊಳಗೆ ಪುಟ ತಿರುಗಿಸುತ್ತಿರುತ್ತದೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮೂರು ಸೆಕೆಂಡಿನ ಮೌನವೂ ಮೊದಮೊದಲು ಮುಜುಗರ ತರುತ್ತದೆ, ಅಭ್ಯಾಸವಾಗುತ್ತದೆ. ಮಗು ಒಂದು ಮಾತು ಹೇಳಿ ನಿಲ್ಲಿಸಿದಾಗಲೂ ಕಾಯಿರಿ. ಒಳ್ಳೆಯ ಮಾತು ಸಾಮಾನ್ಯವಾಗಿ ಎರಡನೇ ಸಲಕ್ಕೆ ಬರುತ್ತದೆ.

ಇನ್ನೊಂದು ಮಾತು. ಓದಿ ಮುಗಿಸಿದ ಕ್ಷಣದಲ್ಲೇ ಕೇಳಬೇಡಿ. ಕತೆಯಿಂದ ಹೊರಗೆ ಬರಲು ಸ್ವಲ್ಪ ಹೊತ್ತು ಬೇಕು.

ಮೂರನೇ ಹೆಜ್ಜೆ: ‘ಯಾಕೆ’ ಬಿಟ್ಟು ‘ಹೇಳು’ ಅನ್ನಿ

ಇಂಗ್ಲೆಂಡಿನ ಏಡನ್ ಚೇಂಬರ್ಸ್ ಮಕ್ಕಳಿಗಾಗಿ ಬರೆದವರು, ಶಾಲೆಯಲ್ಲಿ ಪಾಠ ಮಾಡಿದವರು. ಮಕ್ಕಳ ಜೊತೆ ಪುಸ್ತಕದ ಮಾತು ಹೇಗೆ ಆಡಬೇಕು ಅನ್ನುವುದರ ಬಗ್ಗೆಯೇ 1993ರಲ್ಲಿ ಒಂದು ಪುಸ್ತಕ ಬರೆದರು. ‘ಯಾಕೆ?’ ಅನ್ನುವುದನ್ನು ಆದಷ್ಟು ಬಿಡಿ ಅನ್ನುತ್ತಾರೆ ಅವರು. ‘ನಿನಗೆ ಯಾಕೆ ಇಷ್ಟ ಆಯ್ತು?’ ಅನ್ನುವುದು ತಪ್ಪಿತಸ್ಥರನ್ನು ಕೇಳಿದ ಹಾಗಿರುತ್ತದೆ. ಜೊತೆಗೆ ಅದು ತುಂಬಾ ದೊಡ್ಡ ಪ್ರಶ್ನೆ. ದೊಡ್ಡವರಿಗೇ ಒಂದೇ ಉಸಿರಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ.

ಅದರ ಬದಲು ‘ಹೇಳು’ ಅಂತ ಶುರುಮಾಡಿ ಅವರು ನಾಲ್ಕು ವಿಷಯ ಕೇಳುತ್ತಾರೆ. ಏನು ಇಷ್ಟವಾಯಿತು? ಏನು ಇಷ್ಟವಾಗಲಿಲ್ಲ? ಏನು ಅರ್ಥವಾಗಲಿಲ್ಲ, ಅಥವಾ ವಿಚಿತ್ರ ಅನ್ನಿಸಿತು? ಮತ್ತೆ ಮತ್ತೆ ಬಂದದ್ದು, ಒಂದಕ್ಕೊಂದು ಹೊಂದುವಂಥದ್ದು ಏನಾದರೂ ಕಂಡಿತಾ?

ಮೂರನೆಯದು ನನಗೆ ತುಂಬಾ ಇಷ್ಟ. ಅರ್ಥವಾಗದ್ದನ್ನು ಹೇಳು ಅಂದಾಗ ಮಗುವಿಗೆ ತಪ್ಪು ಉತ್ತರದ ಭಯವೇ ಇರುವುದಿಲ್ಲ. ಮೇಲಾಗಿ, ಮಕ್ಕಳಿಗೆ ವಿಚಿತ್ರ ಅನ್ನಿಸಿದ ಜಾಗದಲ್ಲೇ ಕತೆಯ ಗುಟ್ಟು ಅಡಗಿರುವುದೂ ಉಂಟು.

ನಾಲ್ಕನೆಯದನ್ನು ನೇರವಾಗಿ ಕೇಳಿದರೆ ಚಿಕ್ಕವರು ಪೆಚ್ಚಾಗುತ್ತಾರೆ. ‘ಇಂಥದ್ದೇ ಇನ್ನೊಂದು ಕತೆ ನೆನಪಾಯ್ತಾ?’ ಅಂತ ಕೇಳಿ. ‘ಒಂದೇ ಥರದ್ದು ಮೂರು ಸಲ ನಡೀತಲ್ಲಾ, ಗಮನಿಸಿದೆಯಾ?’ ಅಂತಲೂ ಕೇಳಬಹುದು.

ನಾಯಿಮರಿಯೊಂದು ಮನೆ ತಪ್ಪಿಸಿಕೊಳ್ಳುವ ಕತೆ ಅಂದುಕೊಳ್ಳಿ. ಮಾತು ಹೀಗೆ ಸಾಗಬಹುದು:

“ಹೇಗಿತ್ತು?”

“ಚೆನ್ನಾಗಿತ್ತು.”

“ಜಾಸ್ತಿ ಚೆನ್ನಾಗಿದ್ದ ಜಾಗ ತೆಗೆದು ತೋರಿಸ್ತೀಯಾ?”

“ಇಲ್ಲಿ. ಮರಿ ಬಾಗಿಲ ಹತ್ರ ಕೂತಿರತ್ತಲ್ಲ, ಯಾರೂ ನೋಡಲ್ಲ.”

“ಹ್ಞೂಂ.”

“ಆದ್ರೆ ಅಜ್ಜಿ ನೋಡಿದ್ರು ಅಂತ ನಂಗನ್ಸತ್ತೆ. ಪುಸ್ತಕದಲ್ಲಿ ಬರೆದಿಲ್ಲ.”

“ಹೌದಾ? ಎಲ್ಲಿ ಹಾಗನ್ಸಿತು?”

“ಮುಂದಿನ ಪುಟದಲ್ಲಿ ಅವರು ಬಾಗಿಲು ಹಾಕೋದೇ ಇಲ್ಲ, ನೋಡಿ.”

ಇಲ್ಲಿ ದೊಡ್ಡವರು ಮಾಡಿದ್ದು ಬಹಳ ಕಡಿಮೆ. ಪುಟ ತೋರಿಸು ಅಂದರು, ಒಂದು ಸಲ ಸುಮ್ಮನಿದ್ದರು, ಎಲ್ಲಿ ಅಂತ ಕೇಳಿದರು. ‘ಜಾಣೆ!’ ಅಂತ ಹೊಗಳಲೂ ಇಲ್ಲ. ಹೊಗಳಿದರೆ ಮುಂದಿನ ಸಲ ಮಗು ಹೊಗಳಿಕೆ ಬರುವಂಥ ಉತ್ತರ ಹುಡುಕುತ್ತದೆ. ‘ನಾನು ಅದನ್ನು ಗಮನಿಸಿರಲೇ ಇಲ್ಲ’ ಅಂತ ಹೇಳಬಹುದು, ಅದು ನಿಜವಾಗಿದ್ದರೆ ಮಾತ್ರ.

ಪುಟ್ಟ ಮಕ್ಕಳಾದರೆ

ಓದಲು ಬಾರದ ಮಕ್ಕಳಿಗೂ ಅಭಿಪ್ರಾಯ ಇರುತ್ತದೆ. ಚಿತ್ರದ ಮೂಲೆಯಲ್ಲಿರುವ ಇಲಿಯನ್ನು ಮೊದಲು ಕಾಣುವವರು ಅವರೇ. ಓದಿ ಹೇಳುವ ನಮ್ಮ ಕಣ್ಣು ಅಕ್ಷರದ ಮೇಲಿರುತ್ತದೆ. ಇಷ್ಟವಾದ ಪುಟ ತೆರೆದಿಡುವುದು, ಒಂದು ಪಾತ್ರದ ಹಾಗೆ ನಡೆದು ತೋರಿಸುವುದು, ಚಿತ್ರ ಬಿಡಿಸುವುದು, ಎಲ್ಲವೂ ಅಭಿಪ್ರಾಯವೇ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 13ನೇ ವಿಧಿಯೂ ಹೀಗೇ ಹೇಳುತ್ತದೆ: ಮಗು ಮಾತಿನಲ್ಲಿ, ಬರಹದಲ್ಲಿ, ಕಲೆಯಲ್ಲಿ ಅಥವಾ ತನಗೆ ಬೇಕಾದ ಬೇರೆ ದಾರಿಯಲ್ಲಿ ತನ್ನ ವಿಚಾರ ಹೇಳಬಹುದು. ಚಿತ್ರದ ಕೆಳಗೆ ಮಗು ಹೇಳಿದ ಒಂದು ಸಾಲನ್ನು ನೀವು ಬರೆಯಿರಿ. ಅದರ ಮಾತಲ್ಲೇ ಬರೆಯಿರಿ, ತಿದ್ದಬೇಡಿ.

ನಾಲ್ಕನೇ ಹೆಜ್ಜೆ: ಗುಂಪಿನಲ್ಲಿ ಮಾತು

ಆರರಿಂದ ಎಂಟು ಮಕ್ಕಳಿದ್ದರೆ ಒಳ್ಳೆಯದು. ಅದಕ್ಕಿಂತ ಜಾಸ್ತಿಯಾದರೆ ಸರದಿ ಬರುವಷ್ಟರಲ್ಲಿ ಹೇಳಬೇಕಾದದ್ದು ಮರೆತುಹೋಗಿರುತ್ತದೆ. ಸುತ್ತಲೂ ಕೂರಿಸಿ, ನೀವೂ ಅವರ ಎತ್ತರದಲ್ಲೇ ಕೂತುಕೊಳ್ಳಿ.

ಎಲ್ಲರೂ ಒಂದೇ ಪುಸ್ತಕ ಓದಿದ್ದರೆ ಬೋರ್ಡಿನ ಮೇಲೆ ನಾಲ್ಕು ಕಾಲಂ ಹಾಕಿ. ಇಷ್ಟ, ಇಷ್ಟವಿಲ್ಲ, ಗೊಂದಲ, ಹೋಲಿಕೆ. ಯಾರು ಏನೇ ಹೇಳಿದರೂ ಎರಡು ಮೂರು ಪದದಲ್ಲಿ ಬರೆಯುತ್ತಾ ಹೋಗಿ. ‘ಅದು ಸರಿಯಲ್ಲ’ ಅನ್ನಬೇಡಿ. ತುಂಬಿದ ಮೇಲೆ ಒಟ್ಟಿಗೆ ನೋಡಿ. ಒಬ್ಬರ ‘ಇಷ್ಟ’ ಇನ್ನೊಬ್ಬರ ‘ಇಷ್ಟವಿಲ್ಲ’ದಲ್ಲಿ ಕಂಡರೆ ಎರಡಕ್ಕೂ ಒಂದು ಗೆರೆ ಎಳೆಯಿರಿ. ಚರ್ಚೆ ಅಲ್ಲಿಂದ ಶುರುವಾಗಲಿ.

ಒಬ್ಬಳಿಗೆ ಕತೆಯ ಕೊನೆ ದುಃಖದ್ದು, ಇನ್ನೊಬ್ಬನಿಗೆ ಅದೇ ಸಮಾಧಾನದ್ದು. ಯಾರು ಸರಿ? ಓದುವುದು ಅಂದರೆ ಪುಸ್ತಕ ಮತ್ತು ಓದುಗ ಇಬ್ಬರೂ ಸೇರಿ ನಡೆಸುವ ಕೆಲಸ ಅಂತ ಅಮೆರಿಕದ ಸಾಹಿತ್ಯ ಅಧ್ಯಾಪಕಿ ಲೂಯಿಸ್ ರೋಸೆನ್‌ಬ್ಲಾಟ್ 1938ರಿಂದಲೇ ವಾದಿಸುತ್ತಾ ಬಂದರು. ಹಾಗಂತ ಯಾರು ಏನು ಹೇಳಿದರೂ ನಡೆಯುತ್ತದೆ ಅಂತ ಅವರು ಹೇಳಲಿಲ್ಲ. ಅಲ್ಲೇ ಪುಟದ ಪ್ರಶ್ನೆ ಮತ್ತೆ ಬರುತ್ತದೆ. ‘ನಿನಗೆ ಹಾಗನ್ನಿಸಿದ್ದು ಎಲ್ಲಿ, ಓದಿ ಹೇಳು.’ ಇಬ್ಬರೂ ಅದೇ ಸಾಲು ಓದಿ ತೋರಿಸಿದರೂ ಆಶ್ಚರ್ಯವಿಲ್ಲ.

ಜಗಳದ ನಿಯಮ ಒಂದೇ: ಮಾತನ್ನು ಒಪ್ಪದೇ ಇರಬಹುದು, ಮಾತಾಡಿದವರನ್ನು ಆಡಿಕೊಳ್ಳುವ ಹಾಗಿಲ್ಲ. ‘ನನಗೆ ಹಾಗನ್ನಿಸಲಿಲ್ಲ, ಯಾಕಂದ್ರೆ...’ ಅನ್ನುವುದನ್ನು ನೀವೇ ಆಡಿ ತೋರಿಸಿ. ಬೇರೆ ಬೇರೆ ಪುಸ್ತಕ ಓದಿದ್ದರೆ ಇನ್ನೊಂದು ನಿಯಮ ಸೇರಿಸಿ. ಕೊನೆ ಏನಾಯಿತು ಅಂತ ಹೇಳುವ ಹಾಗಿಲ್ಲ. ಇದನ್ನು ಮಕ್ಕಳು ಪೊಲೀಸರ ಹಾಗೆ ಕಾಯುತ್ತಾರೆ, ನೀವು ಚಿಂತೆ ಮಾಡಬೇಕಿಲ್ಲ.

ನಿಮ್ಮ ಅಭಿಪ್ರಾಯ ಕೊನೆಯಲ್ಲಿ ಬರಲಿ. ಮೊದಲೇ ಹೇಳಿಬಿಟ್ಟರೆ ಅರ್ಧ ಗುಂಪು ಅದನ್ನೇ ತಿರುಗಿಸಿ ಹೇಳುತ್ತದೆ. ಒಬ್ಬನೇ ಎಲ್ಲರ ಹೊತ್ತನ್ನೂ ತಿನ್ನುತ್ತಿದ್ದರೆ ಬೋರ್ಡಿನಲ್ಲಿ ಬರೆಯುವ ಕೆಲಸ ಅವನಿಗೇ ಕೊಡಿ. ಬರೆಯಬೇಕಾದರೆ ಕೇಳಲೇಬೇಕು. ಇನ್ನು ಬಾಯಿ ಬಿಡದ ಮಗು. ಪೆನಾಕ್ ಅವರ ಪಟ್ಟಿಯಲ್ಲಿ ಹತ್ತನೆಯ ಹಕ್ಕು ಯಾವುದು ಗೊತ್ತಾ? ಓದಿದ್ದರ ಬಗ್ಗೆ ಸುಮ್ಮನಿರುವ ಹಕ್ಕು. ಆ ಮಗುವನ್ನು ಎಬ್ಬಿಸಿ ನಿಲ್ಲಿಸಬೇಡಿ. ಎಲ್ಲರೂ ಹೋದ ಮೇಲೆ ಪುಸ್ತಕ ಎತ್ತಿಡುವಾಗ ಹತ್ತಿರ ಬಂದು ತಾನಾಗಿ ಒಂದು ಮಾತು ಹೇಳಬಹುದು, ಹೇಳದೆಯೂ ಇರಬಹುದು.

ಐದನೇ ಹೆಜ್ಜೆ: ಒಂದು ಕಾರ್ಡಿನಷ್ಟು ಬರಹ

ಎರಡು ಪುಟದ ‘ಪುಸ್ತಕ ಪರಿಚಯ’ ಬರೆಸುವುದು ಓದಿನ ಖುಷಿಯನ್ನು ಕೆಡಿಸುವ ಖಚಿತ ದಾರಿ. ಅಂಗೈ ಅಗಲದ ಕಾರ್ಡ್ ಸಾಕು. ಅದರಲ್ಲಿ ಮೂರು ವಿಷಯ ಇರಲಿ. ಈ ಪುಸ್ತಕ ಯಾರಿಗೆ ಇಷ್ಟವಾಗಬಹುದು? ನನಗೆ ನೆನಪಲ್ಲಿ ಉಳಿದ ಒಂದು ಜಾಗ ಯಾವುದು? ಒಂದು ದೂರು ಏನು?

‘ಯಾರಿಗೆ’ ಅನ್ನುವುದನ್ನು ಬಿಡಬೇಡಿ. ‘ಭೂತದ ಕತೆ ಬೇಕು ಆದ್ರೆ ರಾತ್ರಿ ನಿದ್ದೆನೂ ಬೇಕು ಅನ್ನೋರಿಗೆ’ ಅಂತ ಒಂದು ಮಗು ಬರೆದರೆ ಪುಸ್ತಕದ ಬಗ್ಗೆ ಎಷ್ಟೋ ಗೊತ್ತಾಗುತ್ತದೆ. ದೂರಿನ ಸಾಲೂ ಬೇಕು. ತುಂಬಾ ಇಷ್ಟವಾದ ಪುಸ್ತಕದಲ್ಲೂ ಒಂದು ಕೊರತೆ ಹುಡುಕುವಾಗ ಮಗು ಎರಡನೇ ಸಲ ಯೋಚಿಸುತ್ತದೆ. ನಕ್ಷತ್ರ ಹಾಕುವುದು ಮಕ್ಕಳಿಗೆ ಖುಷಿ, ಹಾಕಲಿ. ಆದರೆ ಬರೀ ಐದು ನಕ್ಷತ್ರ ಅಂದರೆ ಅದೂ ‘ಚೆನ್ನಾಗಿತ್ತು’ ಅಂದ ಹಾಗೇ. ಜೊತೆಗೆ ಒಂದು ಸಾಲು ಇರಲಿ.

ಕೆಂಪು ಪೆನ್ನು ದೂರವಿಡಿ. ರೇನರ್‌ನ ತಪ್ಪು ಕಾಗುಣಿತದಿಂದ ಆ ಪುಸ್ತಕಕ್ಕೇನೂ ತೊಂದರೆಯಾಗಲಿಲ್ಲ. ಬರೆಯಲು ಬೇಜಾರು ಪಡುವ ಮಕ್ಕಳ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದು ನಿಮಿಷ ಸಾಕು. ಅದನ್ನು ಹೊರಗೆ ಹಂಚುವುದಾದರೆ ಮಗುವನ್ನೂ ಅಪ್ಪ ಅಮ್ಮನನ್ನೂ ಕೇಳಿ. ಪೂರ್ತಿ ಹೆಸರು, ಶಾಲೆಯ ಹೆಸರು ಬೇಡ.

ಆರನೇ ಹೆಜ್ಜೆ: ಅಭಿಪ್ರಾಯದಿಂದ ಏನಾದರೂ ಆಗಲಿ

ಇದೊಂದನ್ನು ಮಾಡದಿದ್ದರೆ ಮೇಲಿನದೆಲ್ಲ ಕೆಲವೇ ವಾರಗಳಲ್ಲಿ ನಿಂತುಹೋಗುತ್ತದೆ. ಹೇಳಿದ್ದು ಎಲ್ಲೂ ಹೋಗುವುದಿಲ್ಲ ಅಂತ ಗೊತ್ತಾದ ಮೇಲೆ ಮಕ್ಕಳು ಯಾಕೆ ಹೇಳಬೇಕು? ಫ್ರಾನ್ಸಿನಲ್ಲಿ 1988ರಿಂದ ಒಂದು ಬಹುಮಾನ ಇದೆ, ‘ಪ್ರಿ ದೆಜ್ ಅಂಕರುಪ್ಟಿಬ್ಲ್’. ಶಿಶುವಿಹಾರದಿಂದ ಹೈಸ್ಕೂಲಿನವರೆಗಿನ ಮಕ್ಕಳು ಪಟ್ಟಿಯಲ್ಲಿರುವ ಪುಸ್ತಕಗಳನ್ನು ಓದಿ ತಾವೇ ವೋಟು ಹಾಕುತ್ತಾರೆ. ಗೆಲ್ಲುವವರು ಯಾರು ಅನ್ನುವುದು ಅವರ ಕೈಯಲ್ಲಿ.

ನಿಮ್ಮ ತರಗತಿಯಲ್ಲೂ ವೋಟು ಹಾಕಿಸಬಹುದು. ಅದಕ್ಕಿಂತ ಸುಲಭದ್ದೂ ಇದೆ. ಮುಂದೆ ತರಬೇಕಾದ ಪುಸ್ತಕಗಳಲ್ಲಿ ಒಂದನ್ನಾದರೂ ಮಕ್ಕಳ ಕಾರ್ಡ್ ನೋಡಿ ತನ್ನಿ. ತಂದ ದಿನ, ಯಾರ ಮಾತಿನಿಂದ ಇದು ಬಂತು ಅಂತ ಹೇಳಿ. ಮನೆಯಲ್ಲಾದರೆ ಮಗು ಹೊಗಳಿದ ಪುಸ್ತಕವನ್ನು ನೀವು ಓದಿ. ನಿಜವಾಗಿ ಓದಿ, ಆಮೇಲೆ ನಿಮಗೆ ಅನ್ನಿಸಿದ್ದು ಹೇಳಿ. ಇಷ್ಟವಾಗದಿದ್ದರೆ ಅದನ್ನೂ ಹೇಳಿ.

ಕಾರ್ಡನ್ನು ಫೈಲಿಗೆ ಹಾಕಬೇಡಿ. ಪುಸ್ತಕದ ಹಿಂದಿನ ರಟ್ಟಿನ ಒಳಗೆ ಅಂಟಿಸಿ, ಮುಂದೆ ಎತ್ತಿಕೊಳ್ಳುವ ಮಗು ಓದಲಿ. ‘ಬೋರು, ತಗೋಬೇಡಿ’ ಅಂತ ಬರೆದ ಕಾರ್ಡೂ ಅಲ್ಲೇ ಇರಲಿ, ನಿಮ್ಮ ಅಚ್ಚುಮೆಚ್ಚಿನ ಪುಸ್ತಕವಾದರೂ ಸರಿ. ಅದರ ಕೆಳಗೆ ಸ್ವಲ್ಪ ಜಾಗ ಬಿಡಿ. ಒಪ್ಪದವರು ಬರೆದೇ ಬರೆಯುತ್ತಾರೆ. ಜಾಗ ಸಾಲದಿದ್ದರೆ ಪಕ್ಕದಲ್ಲಿ ಇನ್ನೊಂದು ಕಾರ್ಡ್ ಅಂಟಿಸಿ.