ಟಿವಿ-ಆನ್‌ಲೈನ್ ಜಾಹೀರಾತು ಪೈಪೋಟಿ: ಸಣ್ಣ ಏಜೆನ್ಸಿಯವರು ಸರ್ಕಾರಕ್ಕೆ ಅಭಿಪ್ರಾಯ ಬರೆಯೋದು ಹೇಗೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಜಾಹೀರಾತು ಏಜೆನ್ಸಿ. ಸೀರೆ ಅಂಗಡಿ, ಟ್ಯೂಷನ್ ಸೆಂಟರ್, ಒಂದೆರಡು ಚಿನ್ನದಂಗಡಿ, ಇಷ್ಟೇ ಗಿರಾಕಿಗಳು. ಟಿವಿಯ ನಿಯಮ, ಆನ್‌ಲೈನ್ ವಿಡಿಯೊದ ನಿಯಮ ಹೇಗಿರಬೇಕು ಅಂತ ಸರ್ಕಾರ ಆಗಾಗ ಅಭಿಪ್ರಾಯ ಕೇಳುತ್ತದೆ. ಚಾನೆಲ್‌ಗಳು, ವೇದಿಕೆಗಳು, ಅವರ ಸಂಘಗಳು ತಪ್ಪದೆ ಬರೆಯುತ್ತವೆ. ಅವರಿಗೆಲ್ಲ ದುಡ್ಡು ಕೊಡುವವರು ನಾವು. ನಾವೂ ಬರೆಯಬೇಕಲ್ವಾ?

ಮೊದಲು ಯಾರಿಗೆ ಬರೆಯಬೇಕು ಅಂತ ನೋಡಿಕೊಳ್ಳಿ. ಇಲ್ಲಿ ಎಡವಿದರೆ ಪತ್ರ ವ್ಯರ್ಥ. ಟಿವಿ ಪ್ರಸಾರದ ವಿಷಯವಾದರೆ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಒಟಿಟಿಗಳು, ಅಂದರೆ ಇಂಟರ್ನೆಟ್‌ನಲ್ಲಿ ಸಿನಿಮಾ, ಧಾರಾವಾಹಿ ತೋರಿಸುವ ವೇದಿಕೆಗಳು, 2021ರ ಐಟಿ ನಿಯಮಗಳ ಅಡಿ ಬರುತ್ತವೆ, ಅವನ್ನು ನೋಡಿಕೊಳ್ಳುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯ. ದೊಡ್ಡ ಕಂಪನಿಯೊಂದು ತನ್ನ ಬಲ ದುರುಪಯೋಗ ಮಾಡುತ್ತಿದೆ ಅನ್ನಿಸಿದರೆ ಸಿಸಿಐ, ಅಂದರೆ ಸ್ಪರ್ಧಾ ಆಯೋಗ. 2002ರ ಸ್ಪರ್ಧಾ ಕಾಯ್ದೆಯ ಸೆಕ್ಷನ್ 4 ಇರುವುದು ಇದಕ್ಕೇ.

ಎಲ್ಲರೂ ಹಿಡಿದುಕೊಳ್ಳುವ ವಿಷಯ ಹನ್ನೆರಡು ನಿಮಿಷದ್ದು. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವಂತಿಲ್ಲ: 10 ನಿಮಿಷ ನಮ್ಮಂಥವರದು, 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ. ಆನ್‌ಲೈನ್‌ಗೆ ಇಂಥ ಮಿತಿ ಇಲ್ಲ. ಇದು ಅನ್ಯಾಯ ಅಂತ ಚಾನೆಲ್‌ಗಳು ಹೇಳುವುದರಲ್ಲಿ ಹುರುಳಿದೆ. ಆದರೆ ಅದನ್ನು ಅವರೇ ಬರೆದುಕೊಳ್ಳಲಿ. ನೀವು ನಿಮ್ಮ ಫೈಲು ತೆಗೆಯಿರಿ.

ಅದರಲ್ಲಿ ಹುಡುಕಬೇಕಾದ್ದು ಇಷ್ಟೇ: ಟಿವಿಗೆ ಹೋಗುತ್ತಿದ್ದ ಯಾವ ದುಡ್ಡು ಆನ್‌ಲೈನ್‌ಗೆ ಹೋಯಿತು, ಯಾವುದು ಹೋಗಲಿಲ್ಲ? ನನ್ನ ಸೀರೆ ಅಂಗಡಿಯವರು ವರಮಹಾಲಕ್ಷ್ಮಿ ಹಬ್ಬಕ್ಕೆ ಸಂಜೆ ಧಾರಾವಾಹಿ ನಡುವೆ ಸ್ಪಾಟ್ ಕೊಳ್ಳುತ್ತಿದ್ದರು. ಹತ್ತು ಸೆಕೆಂಡಿನ ರೇಟು ಏರಿದಾಗ ಅರ್ಧ ದುಡ್ಡು ಯೂಟ್ಯೂಬ್‌ಗೆ ಹೋಯಿತು. ಇಲ್ಲಿ ಎರಡೂ ನೇರ ಪೈಪೋಟಿಯಲ್ಲಿವೆ. ಟ್ಯೂಷನ್ ಸೆಂಟರಿನ ಕಥೆ ಬೇರೆ. ಅವರಿಗೆ ಬೇಕಿರುವುದು ಊರಿನ ನಾಲ್ಕು ಬಡಾವಣೆಯ ಅಪ್ಪ-ಅಮ್ಮಂದಿರು. ರಾಜ್ಯಕ್ಕೆಲ್ಲ ಕಾಣುವ ಚಾನೆಲ್ಲು ರೇಟು ಅರ್ಧಕ್ಕೆ ಇಳಿಸಿದರೂ ಅವರು ಹೋಗುವುದಿಲ್ಲ. ಎರಡೂ ಉದಾಹರಣೆ ಬರೆಯಿರಿ. ಟಿವಿ, ಆನ್‌ಲೈನ್ ಒಂದೇ ಮಾರುಕಟ್ಟೆಯೋ ಬೇರೆ ಬೇರೆಯೋ ಅನ್ನುವುದೇ ಇಂಥ ಚರ್ಚೆಗಳ ಬುಡ. ಅದಕ್ಕೆ ಉತ್ತರ ನಮ್ಮ ಆರ್‌ಒಗಳಲ್ಲಿದೆ, ಅಂದರೆ ಜಾಹೀರಾತು ಹಾಕಿ ಅಂತ ನಾವು ಕೊಡುವ ರಿಲೀಸ್ ಆರ್ಡರ್‌ಗಳಲ್ಲಿ.

ಆಮೇಲೆ ಲೆಕ್ಕದ ವಿಷಯ. ನನ್ನನ್ನು ಕೇಳಿದರೆ ಹನ್ನೆರಡು ನಿಮಿಷಕ್ಕಿಂತ ಇದು ದೊಡ್ಡದು. ಟಿವಿಯಲ್ಲಿ ಸ್ಪಾಟ್ ಬಂದಿದ್ದಕ್ಕೆ ಟೆಲಿಕಾಸ್ಟ್ ಸರ್ಟಿಫಿಕೇಟ್ ಸಿಗುತ್ತದೆ. ಎಷ್ಟು ಜನ ನೋಡಿದರು ಅಂತ ಬಾರ್ಕ್ ಅನ್ನುವ ಸಂಸ್ಥೆ ಅಳೆಯುತ್ತದೆ. ಆ ಸಂಸ್ಥೆಯಲ್ಲಿ ಚಾನೆಲ್‌ಗಳ ಜೊತೆ ಜಾಹೀರಾತುದಾರರ, ಏಜೆನ್ಸಿಗಳ ಸಂಘಗಳಿಗೂ ಪಾಲಿದೆ. ಅದರಲ್ಲೂ ತಕರಾರು ಇಲ್ಲ ಅಂತಲ್ಲ. 2020ರಲ್ಲಿ ಸುದ್ದಿ ಚಾನೆಲ್‌ಗಳ ರೇಟಿಂಗ್ ನಿಂತಿದ್ದು ಮತ್ತೆ ಶುರುವಾದದ್ದು 2022ರಲ್ಲಿ. ಆನ್‌ಲೈನ್‌ನಲ್ಲಾದರೆ ನನ್ನಂಥ ಸಣ್ಣವನಿಗೆ ಲೆಕ್ಕ ಕೊಡುವವರೂ ಬಿಲ್ ಕೊಡುವವರೂ ಒಬ್ಬರೇ. 'ಎರಡನ್ನೂ ಹೊರಗಿನವರು ಒಂದೇ ಅಳತೆಯಲ್ಲಿ ಅಳೆಯಲಿ' ಅಂತ ಸ್ಪಷ್ಟವಾಗಿ ಕೇಳಿ.

ಟಿವಿ, ಆನ್‌ಲೈನ್ ಎರಡೂ ಒಬ್ಬರ ಕೈಯಲ್ಲೇ ಇರುವುದನ್ನೂ ಮರೆಯಬೇಡಿ. 2024ರ ಆಗಸ್ಟ್‌ನಲ್ಲಿ ರಿಲಯನ್ಸ್-ಡಿಸ್ನಿ ವಿಲೀನಕ್ಕೆ ಸಿಸಿಐ ಷರತ್ತಿನ ಮೇಲೆ ಒಪ್ಪಿತು. ಐಪಿಎಲ್‌ನಂಥ ಕ್ರಿಕೆಟ್‌ಗೆ ಟಿವಿ ಸ್ಲಾಟು, ಒಟಿಟಿ ಸ್ಲಾಟು ಎರಡನ್ನೂ ಸೇರಿಸಿಯೇ ಕೊಳ್ಳಿ ಅಂತ ಕಟ್ಟಿಹಾಕುವುದಿಲ್ಲ ಅಂತ ಕಂಪನಿಗಳು ಮಾತು ಕೊಟ್ಟಿವೆ. ಈ ವಿಲೀನದಿಂದ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಈಗ ಒಂದೇ ಮನೆಯವು. ಯಾರಾದರೂ ನಿಮಗೆ ಹೀಗೆ ಕಟ್ಟು ಮಾಡಿ ಮಾರಲು ಬಂದರೆ ಕೊಟೇಶನ್ ಇಮೇಲಿನಲ್ಲೇ ಕೇಳಿ. ಫೋನಿನ ಮಾತಿಗೆ ಸಾಕ್ಷಿ ಇರುವುದಿಲ್ಲ.

ಕಳಿಸುವುದು ಸುಲಭ. ಅಭಿಪ್ರಾಯ ಕೇಳಲು ಟ್ರಾಯ್ ಹೊರಡಿಸುವ ಸಮಾಲೋಚನಾ ಪತ್ರದ ಕೊನೆಯಲ್ಲಿ ಪ್ರಶ್ನೆಗಳಿರುತ್ತವೆ. ಇಮೇಲ್ ವಿಳಾಸ, ಕೊನೆ ದಿನಾಂಕ ಕೂಡ ಆ ಪತ್ರದಲ್ಲೇ ಇರುತ್ತವೆ. ಪ್ರಶ್ನೆಯ ನಂಬರ್ ಹಾಕಿ, ನಿಮಗೆ ಗೊತ್ತಿರುವ ಎರಡು ಮೂರಕ್ಕೆ ಮಾತ್ರ ಉತ್ತರಿಸಿ. ಬಂದ ಅಭಿಪ್ರಾಯಗಳನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರೆ, ಹಾಗಾಗಿ ಗಿರಾಕಿಯ ಹೆಸರು, ರೇಟು ಅಳಿಸಿ. ಆಮೇಲೆ ಪ್ರತಿ-ಅಭಿಪ್ರಾಯಕ್ಕೂ, ಅಂದರೆ ಬೇರೆಯವರು ಬರೆದದ್ದಕ್ಕೆ ಉತ್ತರ ಕೊಡಲೂ, ಸಮಯ ಕೊಡುತ್ತಾರೆ. ಆಗ ದೊಡ್ಡವರು ಬರೆದದ್ದನ್ನು ಓದಿ, ಜಾಹೀರಾತುದಾರರ ಹೆಸರು ಹೇಳಿಕೊಂಡು ಅವರು ಕೇಳಿರುವುದು ನಿಮಗೂ ಬೇಕಾ ನೋಡಿ. ಬೇಡವಾದರೆ ಅದನ್ನೇ ಒಂದು ಪುಟದಲ್ಲಿ ಬರೆದು ಕಳಿಸಿ.