ಕ್ಷಮೆಗಿಂತ ಮೊದಲು ಹೆಸರು: ಹಳೆಯ ಚರ್ಚಿನ ದಾಖಲೆ ಹುಡುಕುವ ಬಗೆ

ಅಮೆರಿಕದಲ್ಲಿ ನಿಮ್ಮ ಚರ್ಚು, ಗುಲಾಮಗಿರಿ ರದ್ದಾದ 1865ಕ್ಕಿಂತ ಹಳೆಯದಾದರೆ, ವರ್ಣಭೇದದ ಗಾಯ ಮಾಯಿಸುವ ಕೆಲಸವನ್ನು ದಾಖಲೆಗಳ ಕಪಾಟಿನಿಂದ ಶುರುಮಾಡಿ. ಅನ್ಯಾಯ ಯಾರಿಗಾಯಿತು ಎಂದು ತಿಳಿಯದೆ ಕೇಳಿದ ಕ್ಷಮೆ ಯಾರನ್ನೂ ಮುಟ್ಟುವುದಿಲ್ಲ.

ಮೊದಲು ಆಡಳಿತ ಮಂಡಳಿಯಿಂದ ಲಿಖಿತ ನಿರ್ಣಯ ಪಡೆಯಿರಿ. ಯಾವ ಪುಸ್ತಕ ತೆರೆಯಬಹುದು, ಎಷ್ಟು ಹಣ, ಎಷ್ಟು ತಿಂಗಳು ಎಂಬುದರ ಜೊತೆಗೆ, ಸಿಕ್ಕಿದ್ದನ್ನೆಲ್ಲ ಪ್ರಕಟಿಸುತ್ತೇವೆ ಎಂಬ ಸಾಲೂ ಅದರಲ್ಲಿರಲಿ. ಆ ಸಾಲಿಲ್ಲದಿದ್ದರೆ, ದೊಡ್ಡ ದಾನಿಯೊಬ್ಬರ ಮುತ್ತಜ್ಜನ ಹೆಸರು ಸಿಕ್ಕ ದಿನವೇ ಕೆಲಸ ನಿಂತುಹೋಗುತ್ತದೆ.

ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆಗಳನ್ನೂ ಸಭೆಯ ನಡಾವಳಿಗಳನ್ನೂ ಸಾಲು ಸಾಲಾಗಿ ಓದಿ. ಗುಲಾಮಗಿರಿಯಲ್ಲಿದ್ದವರಿಗೆ ಅಲ್ಲಿ ಮನೆತನದ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. 'ಮೇರಿ, ಇಂಥವರ ಸೇವಕಿ' ಎಂದಿರುತ್ತದೆ, ಅಷ್ಟೇ. 'ಸೇವಕಿ' ಎಂದರೆ ಸಂಬಳದ ಆಳು ಎಂದುಕೊಂಡು ಪುಟ ತಿರುವಿಬಿಡುವವರೇ ಹೆಚ್ಚು. ಆ 'ಇಂಥವರ' ಹೆಸರೇ ನಿಮಗೆ ಸಿಗುವ ದಾರಿ, ಬರೆದಿಟ್ಟುಕೊಳ್ಳಿ.

ಆ ಹೆಸರು ಹಿಡಿದು 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿ ನೋಡಿ. ಒಡೆಯನ ಹೆಸರು ಪೂರ್ತಿ ಇರುತ್ತದೆ. ಅವನ ಕೆಳಗೆ '35, ಹೆಣ್ಣು, ಕಪ್ಪು', '8, ಗಂಡು, ಕಪ್ಪು' ಎಂಬಂಥ ಸಾಲುಗಳು, ಹೆಸರಿಲ್ಲ. ಹೆಸರು ಬೇಕಾದರೆ ಕೌಂಟಿ ನ್ಯಾಯಾಲಯಕ್ಕೆ ಹೋಗಿ ಒಡೆಯನ ಉಯಿಲು, ಆಸ್ತಿಪಟ್ಟಿ ತೆಗೆಸಬೇಕು. ಕುದುರೆ, ನೇಗಿಲುಗಳ ನಡುವೆ ಮನುಷ್ಯರ ಹೆಸರೂ ಬೆಲೆಯೂ ಅಲ್ಲಿರುತ್ತವೆ. ಓದಲು ಕಷ್ಟವಾಗುತ್ತದೆ, ಒಬ್ಬರೇ ಕೂರಬೇಡಿ.

ನಂತರ 1870ರ ಜನಗಣತಿ. ಬಿಡುಗಡೆಯಾದವರನ್ನೆಲ್ಲ ಹೆಸರಿಟ್ಟು ಬರೆದ ಮೊದಲ ಗಣತಿ ಇದು. ವಯಸ್ಸು, ಊರು, ನೆರೆಮನೆಯವರು ತಾಳೆಯಾಗುತ್ತಾರೆಯೇ ನೋಡಿ. ಒಡೆಯನ ಮನೆತನದ ಹೆಸರೇ ಇದೆ ಎಂದಷ್ಟಕ್ಕೆ ಸಂಬಂಧ ಕಟ್ಟಬೇಡಿ. ಬೇರೆ ಹೆಸರು ಆರಿಸಿಕೊಂಡವರು ಬಹಳ ಮಂದಿ. ಕನಿಷ್ಠ ಎರಡು ಬೇರೆ ಬೇರೆ ದಾಖಲೆ ಒಂದೇ ಮಾತು ಹೇಳಬೇಕು.

ಗುಲಾಮಗಿರಿಯನ್ನು ಮೊದಲೇ ಕೈಬಿಟ್ಟ ಉತ್ತರದ ರಾಜ್ಯಗಳ ಚರ್ಚುಗಳೂ ತಪ್ಪಿಸಿಕೊಳ್ಳುವಂತಿಲ್ಲ. ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ಸ್ ಚರ್ಚಿನಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದ ಕಪ್ಪು ಬೋಧಕ ಅಬ್ಸಲೊಮ್ ಜೋನ್ಸ್ ಅವರನ್ನು ಎಳೆದೆಬ್ಬಿಸಿದರು. ಅವರೂ ಇನ್ನೊಬ್ಬ ಕಪ್ಪು ಬೋಧಕ ರಿಚರ್ಡ್ ಅಲೆನ್ ಅವರೂ ಜೊತೆಯವರೊಂದಿಗೆ ಹೊರನಡೆದರು. 1794ರಲ್ಲಿ ಎರಡು ಕಪ್ಪು ಸಭೆಗಳು ತಮ್ಮದೇ ಚರ್ಚು ತೆರೆದವು. ನಿಮ್ಮ ಕಟ್ಟಡದಲ್ಲೂ, ಕಪ್ಪು ಜನರನ್ನು ಬೇರೆಯಾಗಿ ಕೂರಿಸುತ್ತಿದ್ದಂಥ ಮೇಲಿನ ಗ್ಯಾಲರಿಗೆ ಪ್ರತ್ಯೇಕ ಮೆಟ್ಟಿಲಿದೆಯೇ ನೋಡಿ. ಜಾತಿಯ ಹೆಸರಲ್ಲಿ ಬೇರೆ ಬೆಂಚು, ಬೇರೆ ಸಮಾಧಿ ಕಂಡ ಭಾರತದ ಕ್ರೈಸ್ತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಕ್ಕಿದ್ದನ್ನು ವಂಶಸ್ಥರಿಗೆ ಮೊದಲು ತಿಳಿಸಿ, ಸಭೆಗೆ ಆಮೇಲೆ. ಅವರು ಬಂದು ಮಾತಾಡಬೇಕೆಂದಿದ್ದರೆ ಗೌರವಧನ ಕೊಡಿ. ನೋವನ್ನು ಪುಕ್ಕಟೆಯಾಗಿ ಹೇಳಿಸಿಕೊಳ್ಳುವುದು ಇನ್ನೊಂದು ಅನ್ಯಾಯ.

ಫಲಕ ಹಾಕಿ ಕೈತೊಳೆದುಕೊಳ್ಳುವುದು ಬಹಳ ಕಡೆ ಆಗುತ್ತದೆ. ಪಾದ್ರಿಗಳನ್ನು ತಯಾರುಮಾಡುವ ವರ್ಜೀನಿಯಾ ಥಿಯಲಾಜಿಕಲ್ ಸೆಮಿನರಿ 2019ರಲ್ಲಿ 17 ಲಕ್ಷ ಡಾಲರ್ ನಿಧಿ ತೆಗೆದಿಟ್ಟು, ಹಿಂದೆ ಅಲ್ಲಿ ದುಡಿದ ಕಪ್ಪು ಜನರ ವಂಶಸ್ಥರಿಗೆ 2021ರಿಂದ ಪ್ರತಿವರ್ಷ ಹಣ ಕೊಡುತ್ತಿದೆ. ನಿಮ್ಮ ಮೊತ್ತ ಚಿಕ್ಕದಿರಲಿ, ಆದರೆ ಒಂದು ಭಾನುವಾರದ ಕಾಣಿಕೆಯಾಗದೆ ವಾರ್ಷಿಕ ಬಜೆಟ್ಟಿನ ಖಾಯಂ ಬಾಬ್ತಾಗಲಿ. ಅದನ್ನು ಹಂಚುವ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಂಶಸ್ಥರಿರಬೇಕು. ಫಲಕದ ಬರಹವನ್ನೂ ಕೆತ್ತಿಸುವ ಮೊದಲು ಅವರ ಕೈಗೇ ಓದಲು ಕೊಡಿ.